ಮನೆಯಲ್ಲೇ ಇಂಗ್ಲಿಷ್: ಸ್ವಯಂಕಲಿಕೆಯೂ ಸತ್ಯನಿಷ್ಠೆಯೂ

ಶಾಲೆಯಲ್ಲಿ ಕಲಿಯುವವನಿಗೆ ತಪ್ಪು ತಿದ್ದಲು ಗುರುವಿದ್ದಾನೆ, ತಿಳಿದನೋ ಇಲ್ಲವೋ ಎಂದು ಅಳೆಯಲು ಪರೀಕ್ಷೆಯಿದೆ, ತೇರ್ಗಡೆಯಾದರೆ ಪ್ರಮಾಣಪತ್ರವಿದೆ. ಮನೆಯಲ್ಲಿ ಕುಳಿತು ತಾನೇ ತಾನಾಗಿ ಒಂದು ಭಾಷೆಯನ್ನು ಕಲಿಯುವವನಿಗೆ ಈ ಮೂರೂ ಇಲ್ಲ. 'ನನಗೆ ಅರ್ಥವಾಯಿತು' ಎಂದು ಅವನು ಹೇಳಿದರೆ ಆ ಮಾತಿಗೆ ಅವನೊಬ್ಬನೇ ಸಾಕ್ಷಿ. ಆದುದರಿಂದ ಸ್ವಯಂಕಲಿಕೆಯು ಕೇವಲ ಬುದ್ಧಿಯ ವ್ಯವಸಾಯವಲ್ಲ, ಪ್ರಾಮಾಣಿಕತೆಯ ಒರೆಗಲ್ಲೂ ಹೌದು. ತಿಳಿಯದುದನ್ನು ತಿಳಿದೆನೆಂದು ತೋರಿಸಿಕೊಳ್ಳುವುದು ಎಷ್ಟರಮಟ್ಟಿಗೆ ಅಸತ್ಯವಾಗುತ್ತದೆ? ಅದರಿಂದ ಪಾರಾಗಲು ಗೃಹಸ್ಥನು ಮಾಡಬೇಕಾದುದೇನು? ಮನೆಯಲ್ಲೇ ಇಂಗ್ಲಿಷ್ ಕಲಿಯುವವರನ್ನು ಕಣ್ಣಮುಂದೆ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬಹುದು.

ಇಲ್ಲಿ ಹೇಳುತ್ತಿರುವುದು ಮಕ್ಕಳ ವಿಷಯವನ್ನಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಎಳೆಯ ಪ್ರಾಯದಲ್ಲೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು, ಹತ್ತನೆಯ ತರಗತಿ ಮುಗಿಯುತ್ತಲೇ ಸಂಸಾರದ ಹೊಣೆ ಹೊತ್ತ ಹೆಣ್ಣುಮಕ್ಕಳು, ಪತಿಯ ಮರಣಾನಂತರ ಮೊದಲ ಬಾರಿಗೆ ಬ್ಯಾಂಕಿನ ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದ ತಾಯಂದಿರು, ಇಂಥವರಿಗೆ ತರಗತಿಗೆ ಹೋಗಿ ಕೂರುವ ಅವಕಾಶವೂ ಇಲ್ಲ, ಸಂಕೋಚವೂ ಬಿಡದು. ಆದರೆ ಅವರ ಮುಂದೆ ಬರುವ ವಿಮಾಪತ್ರ, ಸಾಲದ ಕರಾರು, ಆಸ್ಪತ್ರೆಯ ಒಪ್ಪಿಗೆಪತ್ರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತವೆ. ಕೊನೆಯಲ್ಲಿ ಚುಕ್ಕೆಗಳ ಗೆರೆಯೊಂದಿದ್ದು ಅಲ್ಲಿ ಸಹಿ ಕೇಳಲಾಗುತ್ತದೆ.

ಸಹಿ ಎಂದರೇನು? 'ಇದನ್ನು ನಾನು ಬಲ್ಲೆ, ಒಪ್ಪಿದ್ದೇನೆ' ಎಂಬ ವಚನ. ಎಷ್ಟೋ ಪತ್ರಗಳಲ್ಲಿ 'ಮೇಲಿನ ವಿಷಯಗಳನ್ನು ಓದಿ ಅರ್ಥಮಾಡಿಕೊಂಡಿದ್ದೇನೆ' ಎಂಬ ವಾಕ್ಯವೇ ಅಚ್ಚಾಗಿರುತ್ತದೆ. ಓದದೆ ಅದರ ಕೆಳಗೆ ಹೆಸರು ಬರೆಯುವುದು ಸಣ್ಣ ಅಸತ್ಯವೆಂದು ತೋರಬಹುದು, ಅದರ ಫಲ ಸಣ್ಣದಲ್ಲ. 1872ರ ಭಾರತೀಯ ಕರಾರು ಅಧಿನಿಯಮವು 126ನೆಯ ಪ್ರಕರಣದಲ್ಲಿ ಜಾಮೀನಿನ ಕರಾರನ್ನು ವಿವರಿಸಿ, 128ನೆಯ ಪ್ರಕರಣದಲ್ಲಿ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ಜಾಮೀನುದಾರನ ಹೊಣೆಯು ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು ಎನ್ನುತ್ತದೆ. 'ಗ್ಯಾರಂಟರ್' ಎಂಬ ಒಂದು ಪದವನ್ನು 'ಪರಿಚಯದ ಸಾಕ್ಷಿ' ಎಂದು ತಿಳಿದು, ಸ್ನೇಹಿತನ ದಾಕ್ಷಿಣ್ಯಕ್ಕೆ ಸಹಿ ಮಾಡಿ, ಬಳಿಕ ಮನೆಯ ಒಡವೆಯನ್ನು ಮಾರಿದವರ ಕಥೆ ಪ್ರತಿಯೊಂದು ಪೇಟೆಯಲ್ಲಿಯೂ ಕೇಳಿಬರುತ್ತದೆ. 'ಓದದೆ ಸಹಿ ಮಾಡಿದೆ' ಎಂಬ ಮಾತು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ರಕ್ಷಣೆಯಾಗದು. ಅಂಥವನ ಹೆಂಡತಿ ಮಕ್ಕಳು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಆದರೂ ಅದರ ಭಾರ ಹೊರುವವರು ಅವರೇ. ಹೀಗಿರುವಾಗ ನಾಲ್ಕು ಅಕ್ಷರ ಕಲಿಯುವುದು ಪ್ರತಿಷ್ಠೆಯ ಮಾತಲ್ಲ, ಕರ್ತವ್ಯದ ಮಾತು.

ಪದದ ಅರ್ಥ ಬಲ್ಲೆವೆಂದ ಮಾತ್ರಕ್ಕೆ ಸತ್ಯ ನುಡಿದಂತಾಯಿತೇ ಎಂಬುದನ್ನೂ ನೋಡಬೇಕು. 'ಹಣ ಇನ್ನೂ ಬಂದಿಲ್ಲವೇ?' ಎಂದು ಕನ್ನಡದಲ್ಲಿ ಕೇಳಿದರೆ 'ಹೌದು, ಬಂದಿಲ್ಲ' ಎನ್ನುವುದುಂಟು. ಇಲ್ಲಿ 'ಹೌದು' ಎಂಬುದು ಕೇಳಿದವನ ಮಾತಿಗೆ ಕೊಟ್ಟ ಒಪ್ಪಿಗೆ. ಇದೇ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಬರಿದೇ 'ಯೆಸ್' ಎಂದರೆ ಕೇಳಿದವನು ಹಣ ಬಂದಿದೆ ಎಂದೇ ತಿಳಿಯುವ ಸಂಭವ ಹೆಚ್ಚು. ಅಲ್ಲಿ 'ನೋ' ಎನ್ನಬೇಕು. ಒಬ್ಬನೇ ಸತ್ಯವಂತ, ಒಂದೇ ಸಂಗತಿ. ಒಂದು ಭಾಷೆಯಲ್ಲಿ ಅವನ ಮಾತು ನಿಜ, ಇನ್ನೊಂದರಲ್ಲಿ ಸುಳ್ಳು. ಇನ್ನು ಮರ್ಯಾದೆಯ ವಿಷಯ. ಕನ್ನಡದ 'ಕೊಡು' ಎಂಬುದಕ್ಕೂ 'ಕೊಡಿ' ಎಂಬುದಕ್ಕೂ ನಡುವೆ ಇರುವುದು ಒಂದೇ ಸ್ವರದ ಅಂತರ. ಆ ಸ್ವರದಲ್ಲಿಯೇ ನಮ್ಮ ಗೌರವವೆಲ್ಲ ಅಡಗಿದೆ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ 'ಯೂ' ಒಂದೇ ಪದ. ಅಲ್ಲಿ ಗೌರವವು 'ಪ್ಲೀಸ್', 'ವುಡ್ ಯೂ' ಮುಂತಾದ ಬೇರೆ ಮಾತುಗಳಲ್ಲಿ ನೆಲೆಸಿದೆ. ಇದನ್ನರಿಯದೆ 'ಕೊಡಿ' ಎಂಬುದನ್ನು 'ಗಿವ್' ಎಂದಷ್ಟೇ ಹೇಳಿದ ಸಜ್ಜನನು ಒರಟನೆಂದು ಎಣಿಸಲ್ಪಡುತ್ತಾನೆ. ಭಾಷೆಯನ್ನು ಕಲಿಯುವುದೆಂದರೆ ಆ ಭಾಷೆಯಲ್ಲಿ ಸತ್ಯವೂ ವಿನಯವೂ ಎಲ್ಲಿ ವಾಸಿಸುತ್ತವೆ ಎಂಬುದನ್ನು ಕಲಿಯುವುದು.

ಗುರುವಿಲ್ಲದೆ ಇದು ಸಾಧ್ಯವೇ ಎಂಬ ಆಕ್ಷೇಪ ಸಹಜವಾದುದು. ನಮ್ಮ ಲಿಪಿಯಲ್ಲಿ ಬರೆದಂತೆ ಓದಬಹುದು. ಇಂಗ್ಲಿಷಿನಲ್ಲಿಯಾದರೋ 26 ಅಕ್ಷರಗಳು ನಲವತ್ತಕ್ಕೂ ಹೆಚ್ಚಿನ ಧ್ವನಿಗಳ ಭಾರ ಹೊತ್ತಿವೆ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳ ಒಂದೇ ಗುಂಪು 'ದೋ', 'ಥ್ರೂ', 'ಟಫ್', 'ಕಾಫ್' ಎಂಬ ನಾಲ್ಕು ಪದಗಳಲ್ಲಿ ನಾಲ್ಕು ರೀತಿಯಾಗಿ ಉಚ್ಚರಿಸಲ್ಪಡುತ್ತದೆ. ನಮ್ಮ ವಿಭಕ್ತಿ ಪ್ರತ್ಯಯಗಳು ಪದದ ಹಿಂದೆ ಬಂದರೆ ಅವರ ಸಂಬಂಧಸೂಚಕಗಳು ಮುಂದೆ ಬರುತ್ತವೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕುಳಿತರೆ ಅವರದು ಕರ್ತೃವಿನ ಬೆನ್ನಿಗೇ ನಿಲ್ಲುತ್ತದೆ. 'ಎ', 'ದಿ' ಎಂಬ ಪುಟ್ಟ ಪದಗಳಿಗೆ ನಮ್ಮಲ್ಲಿ ನೇರವಾದ ಸಮಾನಪದವಿಲ್ಲ. ತಿದ್ದುವವರಿಲ್ಲದೆ ಇವನ್ನೆಲ್ಲ ಕಲಿತರೆ ತಪ್ಪೇ ಅಭ್ಯಾಸವಾಗಿ ಬೇರೂರದೇ?

ಬೇರೂರಬಹುದು, ನಿಜ. ಆದರೆ ಮೂಲಗ್ರಂಥವನ್ನೇ ಗುರುವಾಗಿ ಮಾಡಿಕೊಳ್ಳುವ ಉಪಾಯವೊಂದು ಬಹು ಹಿಂದಿನಿಂದ ಇದೆ. ಇಂಗ್ಲೆಂಡಿನ ರೋಜರ್ ಆಸ್ಕಮ್ ಎಂಬ ವಿದ್ವಾಂಸನು 1570ರಲ್ಲಿ ಪ್ರಕಟವಾದ ತನ್ನ ಶಿಕ್ಷಣಗ್ರಂಥದಲ್ಲಿ ಲ್ಯಾಟಿನ್ ಕಲಿಕೆಗೆ ದ್ವಿಮುಖ ಅನುವಾದದ ಕ್ರಮವನ್ನು ಹೇಳಿದನು. ಅದರಂತೆ ಪರಭಾಷೆಯ ಒಂದು ಖಂಡವನ್ನು ಸ್ವಭಾಷೆಗೆ ತರಬೇಕು. ಮೂಲವನ್ನು ಮುಚ್ಚಿಟ್ಟು ಸ್ವಲ್ಪ ಕಾಲದ ಬಳಿಕ ಸ್ವಭಾಷೆಯಿಂದ ಪರಭಾಷೆಗೆ ಮರಳಿ ಬರೆಯಬೇಕು. ಆಮೇಲೆ ಮೂಲವನ್ನು ತೆರೆದು ಸಾಲು ಸಾಲಾಗಿ ಹೋಲಿಸಬೇಕು. 1706ರಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಇಂಗ್ಲಿಷ್ ತಾಯ್ನುಡಿಯೇ ಆಗಿದ್ದರೂ, ಒಳ್ಳೆಯ ಬರವಣಿಗೆಯನ್ನು ಅವನು ಕಲಿತದ್ದು ಇದನ್ನೇ ಹೋಲುವ ಕ್ರಮದಿಂದ. 'ಸ್ಪೆಕ್ಟೇಟರ್' ಪತ್ರಿಕೆಯ ಲೇಖನಗಳ ಸಾರವನ್ನು ಗುರುತು ಹಾಕಿಕೊಂಡು, ಕೆಲವು ದಿನಗಳ ನಂತರ ತನ್ನ ಮಾತಿನಲ್ಲಿ ಬರೆದು, ಮೂಲದೊಡನೆ ಹೋಲಿಸಿ ತನ್ನ ದೋಷಗಳನ್ನು ತಾನೇ ತಿದ್ದಿಕೊಂಡುದಾಗಿ ಆತ್ಮಕಥೆಯಲ್ಲಿ ತಿಳಿಸಿದ್ದಾನೆ.

ವ್ಯಾಪಾರಿಗೆ ಈ ಕ್ರಮ ಹೊಸದೆನಿಸದು. ದಿನವಹಿಯ ಲೆಕ್ಕವು ಖಾತೆಗೆ ತಾಳೆಯಾಗಬೇಕು, ಪುಸ್ತಕದ ಶಿಲ್ಕು ಪೆಟ್ಟಿಗೆಯ ನಗದಿಗೆ ಸರಿಹೊಂದಬೇಕು. ಹೊಂದದಿದ್ದರೆ ವ್ಯತ್ಯಾಸವನ್ನು ಹುಡುಕಬೇಕೇ ಹೊರತು ಅಂಕಿಯನ್ನು ಅಳಿಸಿ ಬರೆಯಬಾರದು. ದ್ವಿಮುಖ ಅನುವಾದವೂ ಅಂಥದೇ ಜಮಾಖರ್ಚು. ಇಲ್ಲಿ ಮೂಲವನ್ನು ಕದ್ದು ನೋಡುವುದು ಬಲು ಸುಲಭ, ತಡೆಯುವವರು ಯಾರೂ ಇಲ್ಲ. ಆದರೆ ಹಾಗೆ ನೋಡಿದವನು ಮೋಸ ಮಾಡಿದ್ದು ಯಾರಿಗೆ? ಗಿರಾಕಿಯೂ ತಾನೇ ಆದ ಅಂಗಡಿಯಲ್ಲಿ ತೂಕ ಕಡಿಮೆ ಕೊಟ್ಟಂತಾಯಿತು.

ಎಷ್ಟು ಕಲಿತರೆ ಸಾಕು ಎಂಬುದಕ್ಕೂ ಒಂದು ಅಂದಾಜಿದೆ. ಮೈಕೇಲ್ ವೆಸ್ಟ್ ಎಂಬವರು 1953ರಲ್ಲಿ ಕಲಿಯುವವರಿಗೆಂದು ಪ್ರಕಟಿಸಿದ ಪದಪಟ್ಟಿಯಲ್ಲಿ ಅತ್ಯುಪಯುಕ್ತವಾದ ಸುಮಾರು 2,000 ಪದಗಳಿವೆ. ದಿನಕ್ಕೆ 5 ಪದ, ವಾರದಲ್ಲಿ 6 ದಿನ, ಏಳನೆಯ ದಿನ ಪುನರಾವರ್ತನೆ ಎಂದು ಇಟ್ಟುಕೊಂಡರೆ ವಾರಕ್ಕೆ 30 ಪದಗಳಾಗುತ್ತವೆ. 67 ವಾರಗಳಲ್ಲಿ, ಅಂದರೆ ಸುಮಾರು ಒಂದೂಕಾಲು ವರ್ಷದಲ್ಲಿ ಪಟ್ಟಿ ಮುಗಿಯುತ್ತದೆ. ಹನಿಗೂಡಿ ಹಳ್ಳವಾಗುವುದು ಹೀಗೆಯೇ. ದಿನವೂ ಅರ್ಧ ಗಂಟೆ, ಒಂದು ನಿಘಂಟು, ಒಂದು ನೋಟುಪುಸ್ತಕ, ಒಂದೇ ಸುದ್ದಿಯನ್ನು ಕನ್ನಡ ಪತ್ರಿಕೆಯಲ್ಲಿಯೂ ಇಂಗ್ಲಿಷ್ ಪತ್ರಿಕೆಯಲ್ಲಿಯೂ ಓದುವ ಅಭ್ಯಾಸ, ಕಿವಿಗೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ. ಇಷ್ಟಕ್ಕೆ ಆಗುವ ಖರ್ಚು ಅಲ್ಪ, ಬೇಕಾದ ನಿಷ್ಠೆ ಮಾತ್ರ ಅಲ್ಪವಲ್ಲ.

ಆದಾಗ್ಯೂ ಬಹುಮಂದಿ ನಡುವೆಯೇ ಕೈಬಿಡುತ್ತಾರೆ. ಬುದ್ಧಿಯ ಕೊರತೆಗಿಂತ ಮನೆಯವರ ನಗುವೇ ಇದಕ್ಕೆ ಹೆಚ್ಚು ಕಾರಣ. ಐವತ್ತು ದಾಟಿದ ತಾಯಿ ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದೊಡನೆ ಕಾಲೇಜಿಗೆ ಹೋಗುವ ಮಗ ನಗುತ್ತಾನೆ, ಸೊಸೆ ಮುಖ ತಿರುಗಿಸಿ ಮುಗುಳ್ನಗುತ್ತಾಳೆ. ಅಂದಿನಿಂದ ಆಕೆ ಕೇಳುವುದನ್ನು ಬಿಡುತ್ತಾಳೆ. ಕಾಗದ ಬಂದಾಗ ಅರ್ಥವಾಗದಿದ್ದರೂ ತಲೆದೂಗುತ್ತಾಳೆ. ನಮ್ಮ ಶಾಸ್ತ್ರಕಾರರು ಸತ್ಯವ್ರತದ ಐದು ಭಾವನೆಗಳನ್ನು ಎಣಿಸುವಾಗ ಕ್ರೋಧ, ಲೋಭಗಳ ಜೊತೆಯಲ್ಲಿ ಭೀರುತ್ವವನ್ನೂ ಹಾಸ್ಯವನ್ನೂ ತ್ಯಜಿಸಬೇಕೆಂದು ವಿಧಿಸಿ, ಕೊನೆಗೆ ವಿಚಾರಿಸಿ ನುಡಿಯುವುದನ್ನು ಹೇಳಿರುವುದು ಎಷ್ಟು ಮಾರ್ಮಿಕವಾಗಿದೆ! ಒಬ್ಬರ ಹಾಸ್ಯವು ಇನ್ನೊಬ್ಬರಲ್ಲಿ ಭಯವನ್ನು ಹುಟ್ಟಿಸುತ್ತದೆ, ಆ ಭಯವು 'ಅರ್ಥವಾಯಿತು' ಎಂಬ ಅಸತ್ಯವನ್ನು ನುಡಿಸುತ್ತದೆ. ಆ ಅಸತ್ಯದಲ್ಲಿ ತಲೆದೂಗಿದವಳ ಪಾಲಿಗಿಂತ ನಕ್ಕವರ ಪಾಲೇ ದೊಡ್ಡದು. ಸ್ವಾಧ್ಯಾಯದ ಅಂಗಗಳಲ್ಲಿ ವಾಚನೆಯ ಮರುಹೆಜ್ಜೆಯೇ ಪೃಚ್ಛನೆ, ಎಂದರೆ ಕೇಳಿ ತಿಳಿಯುವುದು. ಕೇಳಲು ನಾಚಿಕೆಪಡುವಂತೆ ಮಾಡಿದ ಮನೆಯು ಕಲಿಕೆಯ ಬಾಗಿಲನ್ನೇ ಮುಚ್ಚಿದಂತೆ.

ಉಚ್ಚಾರಣೆಯನ್ನು ಕುರಿತು ನಗುವವರು ಜೋಸೆಫ್ ಕಾನ್ರಾಡ್‌ನ ಜೀವನವನ್ನು ನೆನೆಯಬೇಕು. 1857ರಲ್ಲಿ ಪೋಲಿಷ್ ಕುಟುಂಬದಲ್ಲಿ ಹುಟ್ಟಿದ ಆತನು 1878ರಲ್ಲಿ ಇಂಗ್ಲೆಂಡಿನ ನೆಲದ ಮೇಲೆ ಕಾಲಿಟ್ಟಾಗ ಇಂಗ್ಲಿಷನ್ನು ಅತ್ಯಲ್ಪವಾಗಿ ಬಲ್ಲವನಾಗಿದ್ದನು. ಹಡಗಿನ ಸಹೋದ್ಯೋಗಿಗಳ ಮಾತನ್ನು ಕೇಳಿ, ಓದಿ ಕಲಿತನು. 1895ರಲ್ಲಿ ಮೊದಲ ಕಾದಂಬರಿ ಪ್ರಕಟವಾಗಿ, ಮುಂದೆ ಆ ಭಾಷೆಯ ಮಹಾಲೇಖಕರಲ್ಲಿ ಒಬ್ಬನೆನಿಸಿದನು. ಆದರೂ ಆತನ ಮಾತಿನಲ್ಲಿ ತಾಯ್ನುಡಿಯ ಛಾಯೆ ಕೊನೆಯವರೆಗೂ ದಟ್ಟವಾಗಿಯೇ ಉಳಿಯಿತು. ಅರ್ಥವು ಸ್ಪಷ್ಟವಾಗಿದ್ದರೆ ಉಚ್ಚಾರಣೆಯ ಮಣ್ಣಿನ ವಾಸನೆ ದೋಷವಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅಪಾಯವೂ ಉಂಟು. ನಾಲ್ಕು ವಾಕ್ಯ ಬಂದೊಡನೆ ಕನ್ನಡ ಮಾತಾಡುವವರನ್ನು ಕೀಳಾಗಿ ಕಾಣುವ ಮದ ಅದು. ಜ್ಞಾನವೇ ಮದಕ್ಕೆ ಕಾರಣವಾಗುವುದು ಹೊಸ ಸಂಗತಿಯಲ್ಲ. ಜರ್ಮನಿಯಿಂದ 1853ರಲ್ಲಿ ಇಲ್ಲಿಗೆ ಬಂದ ಫರ್ಡಿನಂಡ್ ಕಿಟ್ಟೆಲ್ಲರು ಪ್ರೌಢ ವಯಸ್ಸಿನಲ್ಲಿ ಕನ್ನಡ ಕಲಿತು, ನಮ್ಮ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಪರಭಾಷೆಯನ್ನು ಕಲಿತವನು ಎರಡು ಜನರ ನಡುವೆ ಸೇತುವೆಯಾಗಬೇಕೇ ಹೊರತು ಗೋಡೆಯಾಗಬಾರದು ಎಂಬುದಕ್ಕೆ ಅದೊಂದು ನಿದರ್ಶನ. ಕಲಿತ ಇಂಗ್ಲಿಷಿನಿಂದ ನೆರೆಯವರ ಒಂದು ಕಾಗದವನ್ನಾದರೂ ಕನ್ನಡದಲ್ಲಿ ವಿವರಿಸಿ ಹೇಳಿದ್ದೇವೆಯೇ ಎಂದು ನಮ್ಮನ್ನು ನಾವು ಕೇಳಿಕೊಂಡರೆ, ಕಲಿತದ್ದು ವಿದ್ಯೆಯೋ ಆಭರಣವೋ ಎಂಬುದು ತಿಳಿಯುತ್ತದೆ.

ಈಗ ಕೈಯಲ್ಲಿರುವ ಫೋನೇ ಕ್ಷಣಮಾತ್ರದಲ್ಲಿ ಅನುವಾದ ಮಾಡಿಕೊಡುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಅದು ಒಳ್ಳೆಯ ಸಾಧನವೇ ಸರಿ, ನಿಘಂಟಿನಂತೆ ಅದನ್ನು ಬಳಸೋಣ. ಆದರೆ ಯಂತ್ರವು ತಪ್ಪು ಅರ್ಥ ಹೇಳಿದರೆ ಗುರುತಿಸುವಷ್ಟು ತಿಳಿವಳಿಕೆ ನಮ್ಮಲ್ಲಿ ಇರಬೇಕು. ಸಹಿ ಮಾಡುವ ಕೈ ನಮ್ಮದು, ಹೊಣೆಯೂ ನಮ್ಮದೇ.

ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಒಂದು ವಿನಂತಿ. ಸಭಾಭವನದ ಒಂದು ಕೊಠಡಿಯನ್ನು ವಾರಕ್ಕೆ ಎರಡು ಸಂಜೆ ತೆರೆದಿಡಬಹುದು. ಎರಡು ನಿಘಂಟು, ಎರಡು ಭಾಷೆಗಳ ದಿನಪತ್ರಿಕೆ, ನಿತ್ಯವ್ಯವಹಾರದ ಅರ್ಜಿಗಳ ಖಾಲಿ ನಮೂನೆಗಳು ಅಲ್ಲಿದ್ದರೆ ಸಾಕು, ಅಧ್ಯಾಪಕರೇ ಬೇಕೆಂದಿಲ್ಲ. ಬಲ್ಲವರು ಬಾರದವರಿಗೆ ಹೇಳಲಿ, ಬಾರದವರು ಸಂಕೋಚವಿಲ್ಲದೆ ಕೇಳಲಿ. ಅಲ್ಲಿಗೆ ಒಂದೇ ನಿಯಮವಿದ್ದರೆ ಸಾಕು: ಯಾರ ತಪ್ಪಿಗೂ ಯಾರೂ ನಗಕೂಡದು. 'ಇದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ' ಎಂದು ನಿರ್ಭಯವಾಗಿ ನುಡಿಯಬಲ್ಲ ತಾಯಿಯಿರುವ ಮನೆಯಲ್ಲಿ ಮಕ್ಕಳು ಇಂಗ್ಲಿಷಿನ ಜೊತೆಗೆ ಸತ್ಯವನ್ನೂ ಕಲಿಯುತ್ತಾರೆ.