ವಾರ್ಡನ್ ಎಲ್ಲಿ ಉಣ್ಣಬೇಕು?

ಹಾಸ್ಟೆಲ್ ವಾರ್ಡನ್ ಹಾಸ್ಟೆಲಿನಲ್ಲೇ ವಾಸ ಮಾಡಬೇಕೆ? ಅಧಿಕಾರಿಗಳಿಗೆ ಇದು ಒಂದು ಸುತ್ತೋಲೆಯ ವಿಷಯ. ಕೇರಿಯಿಂದ ಟ್ರಂಕು ಹೊತ್ತು ಬಂದ ಹುಡುಗನಿಗೆ ಅನ್ನದ ಪ್ರಶ್ನೆ, ಮಾನದ ಪ್ರಶ್ನೆ.

ನಮ್ಮವರಿಗೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಸೂರು. 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್ ಅವರಿಗೆ ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕಿತು. ಅಷ್ಟು ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದರೆ, ಪಾರ್ಸಿ ವಸತಿಗೃಹಕ್ಕೆ ದೊಣ್ಣೆ ಹಿಡಿದವರು ನುಗ್ಗಿ ಹೊರಗೆ ಹಾಕಿದರು. ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದದ್ದು ಸುಮ್ಮನೆ ಅಲ್ಲ.

ಹಾಗೆ ಹುಟ್ಟಿದ ಸೂರಿನ ಬೀಗದ ಕೈ ಇವತ್ತು ವಾರ್ಡನ್ ಸೊಂಟದಲ್ಲಿದೆ. ಅಕ್ಕಿ ಬೇಳೆಯ ಲೆಕ್ಕ ಅವರದು, ಹಾಜರಿ ಪುಸ್ತಕ ಅವರದು. ನಡುರಾತ್ರಿ ಹುಡುಗಿಯೊಬ್ಬಳಿಗೆ ಜ್ವರ ಏರಿದರೆ ಮಾತ್ರ ಅವರು ಊರಾಚೆಯ ಬಾಡಿಗೆ ಮನೆಯಲ್ಲಿ. ತಪ್ಪೆಲ್ಲ ಅವರದೇ ಅನ್ನಲಾರೆ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಎರಡು ಮೂರು ಹಾಸ್ಟೆಲು ಒಬ್ಬರ ತಲೆಗೆ ಕಟ್ಟಿ, ಇರೋಕೆ ಒಂದು ಮನೆಯನ್ನೂ ಕಟ್ಟಿಕೊಡದ ಸರ್ಕಾರವನ್ನೂ ಕೇಳಬೇಕಲ್ಲವೆ?

ಆದರೆ ಗೆಳೆಯರೆ, ಒಳಗೇ ಇದ್ದುಬಿಟ್ಟರೆ ಸಾಕೆ? ಗೌಡನೂ ಊರಲ್ಲೇ ಇರ್ತಾನೆ. ಹಾಗಂತ ಊರು ಎಲ್ಲರದಾಯಿತೆ? ಹೈದರಾಬಾದಿನ ಕೇಂದ್ರ ವಿಶ್ವವಿದ್ಯಾಲಯದಲ್ಲಿ ವಾರ್ಡನ್ನರಿದ್ದರು, ನಿಯಮಗಳಿದ್ದವು. 2015ರಲ್ಲಿ ಐವರು ದಲಿತ ಸಂಶೋಧಕರನ್ನು ಹಾಸ್ಟೆಲಿನಿಂದ ಹೊರಹಾಕಿದ್ದು ಆ ನಿಯಮಗಳ ಹೆಸರಿನಲ್ಲೇ. ಅವರು ಬಯಲಲ್ಲಿ ಗುಡಾರ ಹಾಕಿ ಅದಕ್ಕೆ 'ವೆಲಿವಾಡ' ಎಂದು ಹೆಸರಿಟ್ಟರು. ತೆಲುಗಿನಲ್ಲಿ ವೆಲಿವಾಡ ಅಂದರೆ ಊರಾಚೆಯ ನಮ್ಮ ಕೇರಿ. 2016ರ ಜನವರಿ 17ರಂದು ಅವರಲ್ಲೊಬ್ಬರಾದ ರೋಹಿತ್ ವೇಮುಲ ಇಲ್ಲವಾದರು.

ವಾರ್ಡನ್ ನಮ್ಮ ಜಾತಿಯವರೇ ಆದರೆ ಎಲ್ಲ ಸರಿಹೋಗುತ್ತೆ ಅನ್ನೋರಿದ್ದಾರೆ. ಆ ಹುಡುಗನ ಹಸಿವು ಅವರಿಗೆ ಬೇಗ ಅರ್ಥವಾದೀತು, ನಿಜ. ಆದರೆ ಕುರ್ಚಿಗೂ ಒಂದು ಜಾತಿ ಇದೆ. ಕೂತವರನ್ನು ಅದು ತನ್ನ ಜಾತಿಗೆ ಸೇರಿಸಿಕೊಳ್ಳುತ್ತೆ.

ಹಾಗಾಗಿ ನಾವು ಕೇಳಬೇಕಾದದ್ದು ವಾರ್ಡನ್ ಎಲ್ಲಿ ಮಲಗ್ತಾರೆ ಅಂತ ಮಾತ್ರ ಅಲ್ಲ, ಎಲ್ಲಿ ಉಣ್ತಾರೆ ಅಂತ. ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದು, ಅದೇ ಮುದ್ದೆ, ಅದೇ ನೀರುಸಾರು ಉಂಡ ದಿನ ಸಾರು ತಾನಾಗಿ ಗಟ್ಟಿಯಾಗುತ್ತೆ. ದಾಸ್ತಾನಿನ ಲೆಕ್ಕ ಗೋಡೆಯ ಮೇಲೆ ಬಂದು, ಅದನ್ನು ಪ್ರಶ್ನಿಸಿದ ಹುಡುಗನ ಸೀಟು ಉಳಿದರೆ, ವಾರ್ಡನ್ ಅಲ್ಲೇ ವಾಸ ಮಾಡೋದಕ್ಕೆ ಅರ್ಥ ಬರುತ್ತೆ. ಇಲ್ಲದಿದ್ದರೆ ಅದು ಹಗಲಿನ ಕಾವಲಿಗೆ ರಾತ್ರಿಯ ಕಾವಲೂ ಸೇರಿದ ಹಾಗೆ.

ಮೇಷ್ಟರೆ, ನಿಮ್ಮೂರ ಹಾಸ್ಟೆಲಿಗೆ ಒಂದು ಸಂಜೆ ಊಟದ ಹೊತ್ತಿಗೆ ಹೋಗಿ ಬನ್ನಿ. ಹೇಳದೆ ಹೋಗಿ.