ಹಿಡಿಯಬೇಕೆ, ಬಿಡಬೇಕೆ

ಹೈದರಾಬಾದಿನ ದೊಡ್ಡ ಅಂಗಡಿಗಳ ಬಾಗಿಲಲ್ಲಿ ನಿಂತ ಸೆಕ್ಯೂರಿಟಿ ಹುಡುಗರಲ್ಲಿ ನಮ್ಮ ಬೀದರ, ಕಲಬುರಗಿ ಕಡೆಯವರು ಆಗಾಗ ಸಿಗುತ್ತಾರೆ. ಕನ್ನಡ ಕಿವಿಗೆ ಬಿದ್ದರೆ ಮುಖ ಅರಳುತ್ತದೆ. ಅಂಥ ಒಬ್ಬನನ್ನು, ಯಾರಾದರೂ ಕದ್ದು ಓಡಿದರೆ ಏನು ಮಾಡ್ತೀಯಪ್ಪ ಅಂತ ಕೇಳಿದೆ. "ಬೆನ್ನ ಹತ್ತಬ್ಯಾಡ, ಮೈ ಮುಟ್ಟಬ್ಯಾಡ, ಮ್ಯಾನೇಜರಿಗೆ ಫೋನ್ ಮಾಡು ಅಂದಾರ್ರೀ. ಮುಟ್ಟಿದ್ರ ನೌಕರಿ ಹೋಯ್ತು" ಅಂದ. ತುಸು ಬಿಟ್ಟು ತಾನೇ ಕೇಳಿದ: "ಖರೇ ಹೇಳ್ರೀ ಸಾಹೇಬ್ರ, ಕಣ್ಣೆದುರಿಗೆ ಯಾರನ್ನಾರ ಹೊಡಿಲಾಕತ್ತಿದ್ರೂ ಹಂಗೇ ನಿಂದ್ರಬೇಕೇನ್ರೀ?"

ಕಂಪನಿಯ ನಿಯಮವನ್ನು ಹೇಡಿತನ ಅಂತ ಬೈಯುವುದು ಸುಲಭ. ಆದರೆ ಅದರಲ್ಲಿ ಎರಡು ಸತ್ಯಗಳಿವೆ.

ಒಂದು, ಜೀವದ ಬೆಲೆ. ನಮ್ಮ ಕೆಜಿಎಫ್‌ನ ಹುಡುಗ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ದೂರದ ಉತ್ತರ ಪ್ರದೇಶಕ್ಕೆ ಹೋದ. ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ. 2005ರ ನವೆಂಬರಿನಲ್ಲಿ ಲಖೀಂಪುರ ಖೇರಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2015ರಲ್ಲಿ. ಕಂಪನಿ ಒಪ್ಪಿಸಿದ ಕೆಲಸವನ್ನೇ ಮಾಡಿದವನ ಗತಿ ಇದು. ಧೈರ್ಯವನ್ನು ಮೆಚ್ಚಬಹುದು, ಸಂಬಳದ ಚೀಟಿ ತೋರಿಸಿ ವಸೂಲು ಮಾಡಲಾಗದು.

ಇನ್ನೊಂದು, ಅನುಮಾನದ ಅಪಾಯ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಗೆ ಬಂದಿದ್ದ ಗೆಳೆಯರು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತು. ಮುರ್ಕಿ ಗ್ರಾಮದಲ್ಲಿ ಅಡ್ಡಗಟ್ಟಿದ ಜನ ಒಬ್ಬನನ್ನು ಬಡಿದು ಕೊಂದರು. ಬಿಡಿಸಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಹೊಡೆದವರಿಗೆ ತಾವು ಅಪರಾಧ ತಡೆಯುತ್ತಿದ್ದೇವೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಪರವೂರಲ್ಲಿ ಬದುಕುವವರು ಇದನ್ನು ಮರೆಯಬಾರದು. ಸ್ವಂತ ಊರಲ್ಲಿ "ಇವ ನಮ್ಮವ" ಅನ್ನಲು ಹತ್ತು ಜನ ಇರುತ್ತಾರೆ. ಭಾಷೆ ತಿಳಿಯದ ಕಡೆ ಮೊದಲು ಕೈ ಬೀಳುವುದು ನಮ್ಮಂಥವರ ಕುತ್ತಿಗೆಗೇ. ಕಾನೂನೂ ಇಲ್ಲಿ ಬಿಗಿ: ಸಾಮಾನ್ಯನು ಬಂಧಿಸಬಹುದು, ಆದರೆ ಗಂಭೀರ ಅಪರಾಧ ತನ್ನ ಎದುರಿಗೇ ನಡೆದಿರಬೇಕು, 2024ರಲ್ಲಿ ಬಂದ ಹೊಸ ಸಂಹಿತೆಯ ಪ್ರಕಾರ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನವೊಂದೇ ಸಾಲದು.

ಹಾಗಾದರೆ ಸುಮ್ಮನಿರುವುದೇ ಧರ್ಮವೇ? ಇಲ್ಲ. ಕೈ ಕಟ್ಟುವ ನಿಯಮ ಬೇರೆ, ಬಾಯಿ ಕಟ್ಟುವ ನಿಯಮ ಬೇರೆ. 2009ರ ಜನವರಿ 7ರಂದು ಇದೇ ಊರಿನ ಸತ್ಯಂ ಕಂಪನಿಯ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡ ಸುಳ್ಳು ಲೆಕ್ಕ ಸಾವಿರಾರು ಕೋಟಿಯದು, ವರ್ಷಗಟ್ಟಲೆ ನಡೆದದ್ದು. ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು. 2015ರಲ್ಲಿ ಶಿಕ್ಷೆಯಾದದ್ದು ಹತ್ತು ಜನರಿಗೆ. ಅಲ್ಲಿ ಯಾರೂ ಯಾರನ್ನೂ ಬೆನ್ನಟ್ಟಬೇಕಿರಲಿಲ್ಲ. ಬಾಯಿ ಬಿಟ್ಟಿದ್ದರೆ ಸಾಕಿತ್ತು. ಷೇರುಪೇಟೆಯಲ್ಲಿರುವ ಕಂಪನಿಗಳು ನೌಕರರ ದೂರಿಗೊಂದು ದಾರಿ ಇಡಲೇಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳಿತು. ಹೇಳುವುದನ್ನೇ ತಡೆಯುವ ನಿಯಮ ನಿಯಮವಲ್ಲ, ಅಪರಾಧದ ಪಾಲುದಾರಿಕೆ.

ಆ ಹುಡುಗನಿಗೆ ನಾನು ಹೇಳಿದ್ದಿಷ್ಟು: ಸಾಮಾನು ಹೋದರೆ ಹೋಗಲಿ, ಅದು ನಿನ್ನ ಮೂಳೆಗಿಂತ ದೊಡ್ಡದಲ್ಲ. ಮನುಷ್ಯನ ಮೇಲೆ ಕೈ ಬಿದ್ದರೆ ಮಾತ್ರ ನಿಯಮದ ಮುಖ ನೋಡಬೇಡ. ಕೂಗು, ಜನ ಸೇರಿಸು, 112ಕ್ಕೆ ಫೋನ್ ಮಾಡು, ಆದರೆ ನಡುವೆ ನಿಲ್ಲು. ಇನ್ನೊಬ್ಬರ ಮೈ ಕಾಯುವ ಹಕ್ಕನ್ನು ಕಾನೂನು ಎಲ್ಲರಿಗೂ ಕೊಟ್ಟಿದೆ.

"ನೌಕರಿ ಹೋದ್ರ?" ಅಂದ. ತಿಂಗಳ ಕೊನೆಗೆ ಊರಿಗೆ ರೊಕ್ಕ ಕಳಿಸಬೇಕಾದವನ ಪ್ರಶ್ನೆ ಅದು. ಅದಕ್ಕೆ ಉತ್ತರ ಅವನು ಕೊಡಬೇಕಾದದ್ದಲ್ಲ. ಅಂಗಡಿಯೊಳಗೆ ನಿಂತು ಎಲ್ಲವನ್ನೂ ನೋಡಿದ ನಾವು ಮ್ಯಾನೇಜರನ ಮುಂದೆ ಹೋಗಿ, ಹೆಸರು ಬರೆಸಿ, ಸಾಕ್ಷಿ ಹೇಳುತ್ತೇವೋ ಇಲ್ಲವೋ ಎಂಬುದರ ಮೇಲಿದೆ ಅದು.