ತಟ್ಟೆ ಸುತ್ತಿತು, ನೀರು ಕಾಯಲಿಲ್ಲ

ಮೈಕ್ರೋವೇವ್ ಒಲೆಯ ದೀಪ ಹತ್ತುತ್ತದೆ, ಫ್ಯಾನ್ ಗುಂಯ್‌ಗುಡುತ್ತದೆ, ಗಾಜಿನ ತಟ್ಟೆ ಸುತ್ತುತ್ತದೆ, ಅಂಕಿಗಳು ಸೊನ್ನೆಗೆ ಇಳಿದು ಗಂಟೆಯೂ ಬಾರಿಸುತ್ತದೆ. ಒಳಗಿನ ನೀರು ಮಾತ್ರ ಇಟ್ಟಾಗ ಹೇಗಿತ್ತೋ ಹಾಗೇ. ವಿಧಿ ಸಾಂಗವಾಗಿ ನೆರವೇರಿಯೂ ಫಲ ಬಾರದ ಈ ಪೇಚನ್ನು ನಮ್ಮ ತಾರ್ಕಿಕರು ವಿದ್ಯುತ್ತಿಗೆ ಬಹಳ ಮೊದಲೇ ಎದುರಿಸಿದ್ದಾರೆ. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿಯ ಆಕ್ಷೇಪ ಬರುತ್ತದೆ: ಪುತ್ರಕಾಮೇಷ್ಟಿ ಮಾಡಿಸಿದವರಿಗೂ ಮಕ್ಕಳಾಗದೆ ಇರುವುದುಂಟು, ಹಾಗಾದರೆ ವೇದವಾಕ್ಯ ಸುಳ್ಳಲ್ಲವೆ? ಸೂತ್ರಕಾರ ಗೌತಮನ ಉತ್ತರ ಚುಟುಕು. ಸುಳ್ಳಲ್ಲ; ಕರ್ಮದಲ್ಲೋ ಕರ್ತೃವಿನಲ್ಲೋ ಸಾಧನದಲ್ಲೋ ವೈಗುಣ್ಯವಿದೆ, ಎಂದರೆ ಕೊರತೆಯಿದೆ. ಭಾಷ್ಯಕಾರ ವಾತ್ಸ್ಯಾಯನ ಇದಕ್ಕೊಂದು ಲೌಕಿಕ ಉದಾಹರಣೆಯನ್ನೂ ಕೊಡುತ್ತಾನೆ. ಬೆಂಕಿ ಬೇಕಾದವನು ಎರಡು ಕಟ್ಟಿಗೆ ಮಥಿಸಬೇಕು. ಮಥಿಸಿಯೂ ಬೆಂಕಿ ಹುಟ್ಟದಿದ್ದರೆ ಮಥಿಸಿದ ರೀತಿ ತಪ್ಪಿರಬಹುದು, ಮಥಿಸಿದವನಿಗೆ ಎಚ್ಚರ ಸಾಲದಿರಬಹುದು, ಕಟ್ಟಿಗೆ ಹಸಿಯಾಗಿಯೋ ತೂತುಬಿದ್ದೋ ಇರಬಹುದು. ಅಷ್ಟರಿಂದ ಆ ಮಾತೇ ಸುಳ್ಳಾಗುವುದಿಲ್ಲ.

ಇದು ನ್ಯಾಯವಾದ ಸಮಾಧಾನವೋ, ಜಾಣತನದ ನುಣುಚಿಕೆಯೋ? ನನ್ನ ಮಟ್ಟಿಗೆ ಎಲ್ಲವೂ ಒಂದು ಷರತ್ತಿನ ಮೇಲೆ ನಿಂತಿದೆ: ವೈಗುಣ್ಯವನ್ನು ಫಲ ಬಾರದಿದ್ದುದರಿಂದ ಊಹಿಸಿದರೆ ಸಾಲದು, ಬೇರೆ ದಾರಿಯಿಂದಲೂ ತೋರಿಸಬೇಕು. ಕಟ್ಟಿಗೆಯ ಹಸಿಯನ್ನು ಮಥಿಸದೆಯೇ ಕೈಯಿಂದ ಮುಟ್ಟಿ ತಿಳಿಯಬಹುದು; ವಾತ್ಸ್ಯಾಯನನ ಉದಾಹರಣೆಗೆ ಬಲ ಬಂದಿರುವುದು ಅಲ್ಲಿಂದ. ಚೆನ್ನೈನ ಅಣ್ಣಾ ಸಾಲೈ ಪಕ್ಕದ ರಿಚೀ ಸ್ಟ್ರೀಟಿನಲ್ಲಿ ಬಿಡಿಭಾಗ ಕೊಳ್ಳಲು ಬರುವ ರಿಪೇರಿಯವರು ಈ ಷರತ್ತನ್ನು ಹೆಸರಿಡದೆ ಪಾಲಿಸುತ್ತಾರೆ. ಒಲೆಯ ಟ್ರಾನ್ಸ್‌ಫಾರ್ಮರು ಎರಡು ಸಾವಿರ ವೋಲ್ಟಿನ ಆಸುಪಾಸು ಕೊಡುತ್ತದೆ, ಕೆಪಾಸಿಟರೂ ಡಯೋಡೂ ಸೇರಿ ಅದನ್ನು ನಾಲ್ಕು ಸಾವಿರದ ಹತ್ತಿರಕ್ಕೆ ಏರಿಸುತ್ತವೆ, ಆಗ ಮ್ಯಾಗ್ನೆಟ್ರಾನ್ 2.45 ಗಿಗಾಹರ್ಟ್ಸ್ ಅಲೆ ಹೊರಡಿಸುತ್ತದೆ. ದೀಪಕ್ಕೂ ಫ್ಯಾನಿಗೂ ತಟ್ಟೆಗೂ ಇದಾವುದೂ ಬೇಡ, ಹಾಗಾಗಿ ಅವು ನಡೆಯುತ್ತಿರುವುದು ಬಿಸಿಗೆ ಸಾಕ್ಷಿಯಲ್ಲ. ಅನುಮಾನ ಹಲವು ಕಡೆ ಹೋಗಬಹುದು: ಬಾಗಿಲಿನ ಸ್ವಿಚ್ಚು, ಹೈವೋಲ್ಟೇಜಿನ ಫ್ಯೂಸು, ಮ್ಯಾಗ್ನೆಟ್ರಾನು. ಡಯೋಡಿನ ಮೇಲೆ ಹೋಯಿತು ಎನ್ನೋಣ. ಸಾಮಾನ್ಯ ಮಲ್ಟಿಮೀಟರ್ ಹಚ್ಚಿದರೆ ಚೆನ್ನಾಗಿರುವ ಡಯೋಡು ಕೂಡ ಎರಡೂ ದಿಕ್ಕಿಗೆ ದಾರಿ ಇಲ್ಲವೆಂದೇ ತೋರಿಸುತ್ತದೆ. ಅದರೊಳಗೆ ಹಲವು ಡಯೋಡುಗಳು ಸಾಲಾಗಿ ಕೂತಿವೆ, ಮೀಟರಿನ ಸಣ್ಣ ವೋಲ್ಟೇಜಿಗೆ ಅವು ಬಾಗಿಲು ತೆರೆಯುವುದಿಲ್ಲ. ಹೊಸಬ ಅದನ್ನು ಎಸೆಯುತ್ತಾನೆ. ಬಲ್ಲವನು 9 ವೋಲ್ಟಿನ ಬ್ಯಾಟರಿಯನ್ನು ಜೊತೆಗೆ ಜೋಡಿಸುತ್ತಾನೆ. ಒಂದು ದಿಕ್ಕಿಗೆ ವೋಲ್ಟೇಜು ಕಂಡು ಇನ್ನೊಂದಕ್ಕೆ ಕಾಣದಿದ್ದರೆ ಡಯೋಡು ಸರಿಯಿದೆ. ಬರಿಯ ಮೀಟರಿಗೆ ದಾರಿ ಕಾಣದ್ದು ಡಯೋಡಿನ ಕೇಡಿಗೆ ಸಾಕ್ಷಿಯಲ್ಲ: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿದ್ದಾಗ ಮಾತ್ರ ಕಾಣದಿರುವುದು ಅಭಾವಕ್ಕೆ ಪ್ರಮಾಣ. ಮೀಮಾಂಸಕರು ಇದನ್ನೇ ಯೋಗ್ಯಾನುಪಲಬ್ಧಿ ಎಂದರು. (ಮನೆಯಲ್ಲಿ ಯಾರೂ ಇದಕ್ಕೆ ಕೈಹಾಕಬಾರದು. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರು ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಹುದು.) ಮುಖ್ಯ ಸಂಗತಿಯೆಂದರೆ, ಕೆಟ್ಟ ಡಯೋಡು ಒಲೆಯಿಂದ ಹೊರಗೆ, ಮೇಜಿನ ಮೇಲೂ ಕೆಟ್ಟದ್ದೇ.

ಫಲ ಬಂದಾಗಲೂ ಇದೇ ಕಟ್ಟುನಿಟ್ಟು ಬೇಕು, ನಾವು ಸಡಿಲ ಬಿಡುವುದೇ ಅಲ್ಲಿ. ಚೆನ್ನೈಯವರು ‘ಕತ್ತರಿ’ ಎನ್ನುವ ಮೇ ತಿಂಗಳ ಕಡು ಬಿಸಿಲಿನಲ್ಲಿ ತಾರಸಿಯ ಟ್ಯಾಂಕಿನ ನೀರು ನಲ್ಲಿಯಲ್ಲೇ ಕೈ ಸುಡುತ್ತದೆ. ಅದನ್ನು ಒಲೆಯೊಳಗಿಟ್ಟು ತೆಗೆದು ಮುಟ್ಟಿ ‘ಕಾದಿದೆ’ ಎಂದರೆ ಏನೂ ಸಾಧಿಸಿದಂತಾಗಲಿಲ್ಲ. ಇಡುವ ಮೊದಲು ಎಷ್ಟಿತ್ತು ಎನ್ನುವುದು ಗೊತ್ತಿರಬೇಕು. ಯಾಗದ ಲೆಕ್ಕವೂ ಹೀಗೇ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬಹುತೇಕ ಒಣಗಿ ನಗರ ಟ್ಯಾಂಕರ್ ನೀರಿಗೆ ಕಾಯುತ್ತಿದ್ದಾಗ, ಮಳೆಗಾಗಿ ಯಾಗ ನಡೆಸಲು ದೇವಸ್ಥಾನಗಳಿಗೆ ಧರ್ಮದತ್ತಿ ಇಲಾಖೆಯ ಸುತ್ತೋಲೆ ಹೋಯಿತು. ಜೂನ್ 22ರಂದು ಆಗ ಆಳುತ್ತಿದ್ದ ಪಕ್ಷವೇ ಯಾಗಗಳನ್ನು ಮಾಡಿಸಿತು. ಆದರೆ ಜೂನ್ 20ರಂದೇ ನಗರದ ಕೆಲವೆಡೆ ಮಳೆ ಬಿದ್ದಿತ್ತು. ಸುತ್ತೋಲೆ ಮೊದಲೇ ಹೊರಟಿದ್ದರಿಂದ ಫಲವೂ ಮೊದಲೇ ಬಂತು ಎನ್ನುವವರೂ ಸಿಕ್ಕಾರು! ಚೆನ್ನೈಗೆ ದೊಡ್ಡ ಮಳೆ ತರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು. ಜೂನಿನಲ್ಲಿ ಏನೇ ಮಾಡಲಿ, ಒಂದಲ್ಲ ಒಂದು ದಿನ ಮಳೆ ‘ಆಮೇಲೆ’ ಬಂದೇ ಬರುತ್ತದೆ. ಮಳೆಗೆಂದು ಕಿಗ್ಗದ ಋಷ್ಯಶೃಂಗನಿಗೆ ಪೂಜೆ ಸಲ್ಲಿಸುವ ನಮ್ಮ ಮಲೆನಾಡಿಗೂ ಈ ಮಾತು ಸಲ್ಲುತ್ತದೆ. ಹಳೆಯ ತಾರ್ಕಿಕರೂ ಇಲ್ಲಿ ಸಡಿಲ ಬಿಟ್ಟದ್ದುಂಟು. ಒಂಬತ್ತನೆಯ ಶತಮಾನದ ಕಾಶ್ಮೀರದ ಜಯಂತಭಟ್ಟ ತನ್ನ ‘ನ್ಯಾಯಮಂಜರಿ’ಯಲ್ಲಿ, ತನ್ನ ಅಜ್ಜ ಗ್ರಾಮ ಬಯಸಿ ಸಾಂಗ್ರಹಣಿ ಇಷ್ಟಿ ಮಾಡಿದ ಕೂಡಲೇ ಗೌರಮೂಲಕವೆಂಬ ಗ್ರಾಮ ಪಡೆದನೆಂದು ಬರೆಯುತ್ತಾನೆ. ಅಷ್ಟು ದೊಡ್ಡ ತಾರ್ಕಿಕ ಅಲ್ಲಿ ಮಾಡಿದಾಗ ಬಂತು ಎಂಬ ಅನ್ವಯವೊಂದನ್ನೇ ತೋರಿಸಿ, ಮಾಡದಿದ್ದರೆ ಬರುತ್ತಿರಲಿಲ್ಲವೆ ಎಂಬ ವ್ಯತಿರೇಕವನ್ನು ಕೇಳದೆ ಬಿಟ್ಟದ್ದು ನನಗೆ ಸೋಜಿಗ.

ಪ್ರಾರ್ಥನೆ ಯಂತ್ರವಲ್ಲ, ಗುಂಡಿ ಒತ್ತಿದರೆ ದೇವರು ಓಡಿಬರಬೇಕೆ ಎಂಬ ಆಕ್ಷೇಪವಿದೆ. ಒಪ್ಪುತ್ತೇನೆ. ಫಲದ ಮಾತೆತ್ತದ ಪ್ರಾರ್ಥನೆಯನ್ನು ಯಾವ ಮೀಟರಿನಿಂದಲೂ ಅಳೆಯಬೇಕಿಲ್ಲ. ಆದರೆ ಮಳೆಗೆಂದೇ ವಿಹಿತವಾದ ಕಾರೀರಿ ಇಷ್ಟಿಯ ಫಲವನ್ನು ಮೀಮಾಂಸಕರೇ ಸ್ವರ್ಗದಂತೆ ಸಾವಿನಾಚೆಗೆ ದೂಡಲಿಲ್ಲ. ಪೈರು ಬಾಡುತ್ತಿರುವವನಿಗೆ ಮಳೆ ಈಗಲೇ ಬೇಕು. ಮಳೆ ಬಂದರೆ ಯಾಗದ ಫಲ, ಬಾರದಿದ್ದರೆ ಪ್ರಾರ್ಥನೆಯಷ್ಟೇ ಎಂದು ಎರಡು ದೋಣಿಯಲ್ಲಿ ಕಾಲಿಡಲಾಗದು. ವಿಜ್ಞಾನಿಗಳೂ ಸಬೂಬು ಹೇಳುವುದಿಲ್ಲವೆ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಯುರೇನಸ್ ಗ್ರಹದ ಚಲನೆ ಲೆಕ್ಕ ತಪ್ಪಿದಾಗ ಅವರು ನ್ಯೂಟನ್ನನನ್ನು ಬಿಡದೆ ಕಾಣದ ಗ್ರಹವೊಂದನ್ನು ಊಹಿಸಿದರು. 1846ರಲ್ಲಿ ದೂರದರ್ಶಕದಲ್ಲಿ ನೆಪ್ಚೂನ್ ಕಂಡಿತು. ಬುಧನಿಗೂ ಅದೇ ಉಪಾಯ ಹೂಡಿ ‘ವಲ್ಕನ್’ ಎಂಬ ಗ್ರಹ ಹುಡುಕಿದರು, ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಬಂದು ಸಿದ್ಧಾಂತವನ್ನೇ ಬದಲಿಸಬೇಕಾಯಿತು. ಸಬೂಬು ತಪ್ಪಲ್ಲ, ಅದನ್ನು ಹುಡುಕಿ ನೋಡದಿರುವುದು ತಪ್ಪು.

ವೈದಿಕರ ಬಳಿಯೂ ಇಂಥ ಪರೀಕ್ಷೆಗೆ ಸಾಮಗ್ರಿ ಇದೆ ಎನ್ನುವುದನ್ನು ಮರೆಯಬಾರದು. ಸ್ವರ ತಪ್ಪಿದ ಮಂತ್ರ, ಸಂಸ್ಕಾರವಿಲ್ಲದ ಹವಿಸ್ಸು, ವಿದ್ಯೆಯಿಲ್ಲದ ಕರ್ತೃ ಎಂದು ವಾತ್ಸ್ಯಾಯನ ಹೆಸರಿಸುವ ದೋಷಗಳನ್ನು ಇನ್ನೊಬ್ಬ ಘನಪಾಠಿ ಮಳೆಗೆ ಕಾಯದೆ ಅಲ್ಲೇ ಗುರುತಿಸಬಲ್ಲ. ಪೂರ್ವಜನ್ಮದ ಕರ್ಮ ಅಡ್ಡಬಂತು ಎನ್ನುವ ಸಮಾಧಾನಕ್ಕೆ ಈ ಮರ್ಯಾದೆ ಸಲ್ಲದು, ಅದನ್ನು ಮೇಜಿನ ಮೇಲಿಟ್ಟು ನೋಡುವ ಬಗೆ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಮುಂದಿನ ಬರಗಾಲದಲ್ಲಿ ಸಾರ್ವಜನಿಕ ಹಣದಿಂದ ಪರ್ಜನ್ಯ ಹೋಮ ಮಾಡಿಸುವವರು ಎರಡು ಸಂಗತಿಯನ್ನು ಹೋಮಕ್ಕೆ ಮೊದಲೇ ಬರೆದು ದೇವಸ್ಥಾನದ ಬಾಗಿಲಿಗೆ ಅಂಟಿಸಲಿ: ಎಷ್ಟು ದಿನದೊಳಗೆ ಬಂದ ಮಳೆ ಹೋಮದ ಫಲ, ಮತ್ತು ಮಂತ್ರದ ತಪ್ಪನ್ನು ಎಣಿಸಲು ಕೂತಿರುವವರು ಯಾರು.